ಕಾಡಿನ ಲೆಕ್ಕ ಬರೆಯುವವರು

ಸುಳ್ಯ, ಪುತ್ತೂರಿನ ಕಡೆ ರಬ್ಬರ್ ತೋಟಗಳಲ್ಲಿ ಕೆಲಸ ಶುರುವಾಗುವುದು ಕೋಳಿ ಕೂಗುವ ಮುಂಚೆಯೇ. ತಲೆಗೆ ಹೆಡ್‌ಲೈಟ್ ಕಟ್ಟಿಕೊಂಡ ಟ್ಯಾಪರ್‌ಗಳು ಸಾಲು ಮರಗಳ ನಡುವೆ ಹೊರಡುತ್ತಾರೆ. ಬಿಸಿಲೇರಿದರೆ ಹಾಲು ಕಡಿಮೆ. ತೊಗಟೆಯ ಮೇಲೆ ಓರೆಯಾಗಿ ಕತ್ತಿ ಆಡಿಸಿ, ಗೆರಟೆ ಸರಿಮಾಡಿ, ಮುಂದಿನ ಮರಕ್ಕೆ ನಡೆಯಬೇಕು. ಈ ಮರದ ತವರು ಅಮೆಜಾನ್. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವ ಅಲ್ಲಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಸಾಗಿಸಿದ. ಏಷ್ಯಾದ ರಬ್ಬರ್ ತೋಟಗಳು ಬಹುಪಾಲು ಆ ಬೀಜಗಳ ಸಂತಾನ.

ತವರಿನಲ್ಲಿ ಮಾತ್ರ ಈ ಮರ ಸಾಲಾಗಿ ನಿಲ್ಲಲು ಒಪ್ಪುವುದಿಲ್ಲ. ಅಲ್ಲಿ ಒತ್ತೊತ್ತಾಗಿ ನೆಟ್ಟರೆ ಎಲೆಗೆ ಶಿಲೀಂಧ್ರ ರೋಗ ಬಡಿದು ತೋಟಕ್ಕೆ ತೋಟವೇ ಬೋಳಾಗುತ್ತದೆ. ಕಾರುಗಳ ದೊರೆ ಹೆನ್ರಿ ಫೋರ್ಡ್ 1928ರಿಂದ ಅಮೆಜಾನಿನಲ್ಲಿ ‘ಫೋರ್ಡ್‌ಲಾಂಡಿಯಾ’ ಎಂಬ ಪಟ್ಟಣವನ್ನೇ ಕಟ್ಟಿಸಿ ರಬ್ಬರ್ ತೋಟ ಎಬ್ಬಿಸಲು ಹೋಗಿ ಸೋತದ್ದು ಇದೇ ಕಾರಣಕ್ಕೆ. ನೂರಾರು ಬೇರೆ ಜಾತಿಯ ಮರಗಳ ನಡುವೆ ಇಲ್ಲೊಂದು ಅಲ್ಲೊಂದು ನಿಂತಾಗಲೇ ಅದಕ್ಕೆ ಆಯಸ್ಸು. ಅಂದರೆ ಅಮೆಜಾನಿನಲ್ಲಿ ರಬ್ಬರ್ ಹಾಲು ಬೇಕೆಂದರೆ ಇಡೀ ಕಾಡು ಬೇಕು.

ಬ್ರೆಜಿಲ್ ದೇಶದ ಪಶ್ಚಿಮದ ತುದಿಯಲ್ಲಿ, ಬೊಲಿವಿಯಾ ಮತ್ತು ಪೆರು ಗಡಿಗೆ ತಾಗಿಕೊಂಡಿರುವ ಆಕ್ರಿ ರಾಜ್ಯದ ಮಳೆಕಾಡಿನ ಮಕ್ಕಳು ಈ ಪಾಠವನ್ನು ಶಾಲೆಗೆ ಹೋಗುವ ಮುಂಚೆಯೇ ಕಾಲಿನಿಂದ ಕಲಿತಿರುತ್ತಿದ್ದರು. ಅಲ್ಲಿನ ರಬ್ಬರ್ ಕುಟುಂಬಗಳ ಮನೆಗಳು ಒಂದರಿಂದ ಒಂದು ದೂರ ದೂರ. ಪ್ರತಿ ಮನೆಯಿಂದ ಎರಡೋ ಮೂರೋ ಕಾಲುದಾರಿಗಳು ಹೊರಡುತ್ತವೆ. ಒಂದೊಂದು ದಾರಿಯೂ ನೂರಿನ್ನೂರು ರಬ್ಬರ್ ಮರಗಳನ್ನು ಮುಟ್ಟಿಕೊಂಡು, ಸುತ್ತು ಹಾಕಿ, ಮತ್ತೆ ಮನೆಯ ಬಳಿಗೇ ಬಂದು ಸೇರುತ್ತದೆ. ಬೆಳಗಿನ ಸುತ್ತಿನಲ್ಲಿ ಗೀರುವುದು, ಎರಡನೆಯ ಸುತ್ತಿನಲ್ಲಿ ಹಾಲು ಕೂಡಿಸುವುದು. ಕತ್ತಲಲ್ಲಿ ಹೊರಡುವಾಗ ತಲೆಯ ಮೇಲೊಂದು ಸೀಮೆಎಣ್ಣೆ ದೀಪ. ಬೆಳಕು ಕಣ್ಣಿಗೆ ಹೊಡೆಯದೆ ಮುಂದಕ್ಕೆ ಬೀಳುವಂತೆ ಅದಕ್ಕೊಂದು ತಗಡಿನ ಮರೆ. ಆ ದೀಪದ ಹೆಸರು ಪೊರೊಂಗಾ.

1981ರಲ್ಲಿ ಆಕ್ರಿಯ ಶಾಪುರಿ ಎಂಬ ಊರಿನ ಸುತ್ತಲ ಕಾಡಿನಲ್ಲಿ ಒಂದು ಪಾಠಪುಸ್ತಕದ ಕೆಲಸ ಶುರುವಾಯಿತು. ಅದರ ಹೆಸರೂ ‘ಪೊರೊಂಗಾ’.

ಅದಕ್ಕೂ ಮೊದಲು ಈ ಕಾಡಿನಲ್ಲಿ ಪುಸ್ತಕವೆಂದರೆ ಒಂದೇ: ಧಣಿಯ ಲೆಕ್ಕದ ಪುಸ್ತಕ. ರಬ್ಬರ್ ಕಾಡುಗಳೆಲ್ಲ ಧಣಿಗಳ ಕೈಯಲ್ಲಿದ್ದವು. ನದಿಯ ದಡದಲ್ಲಿ ಧಣಿಯ ಗೋದಾಮು, ಅದರಲ್ಲೇ ಅಂಗಡಿ. ಉಪ್ಪು, ಸಕ್ಕರೆ, ಸೀಮೆಎಣ್ಣೆ, ಮದ್ದುಗುಂಡು, ಬಟ್ಟೆ ಎಲ್ಲವನ್ನೂ ಅಲ್ಲಿಂದಲೇ ಸಾಲ ತರಬೇಕು. ಹೊಗೆಯಲ್ಲಿ ಉಂಡೆ ಕಟ್ಟಿದ ರಬ್ಬರನ್ನು ಅಲ್ಲಿಗೇ ಹಾಕಬೇಕು. ಹೊರಗೆ ಮಾರಿದರೆ ಶಿಕ್ಷೆ. ಕಾಲುದಾರಿ ಬಳಸಿದ್ದಕ್ಕೆ ವರ್ಷಕ್ಕಿಷ್ಟು ಕಿಲೋ ರಬ್ಬರ್ ಗೇಣಿ, ತೂಕದಲ್ಲಿ ‘ತೇವ’, ‘ಕಸ’ ಎಂದು ಕಡಿತ. ಸಾಮಾನಿನ ಬೆಲೆಯನ್ನೂ ರಬ್ಬರಿನ ಬೆಲೆಯನ್ನೂ ಬರೆಯುತ್ತಿದ್ದವನು ಒಬ್ಬನೇ. ವರ್ಷದ ಕೊನೆಗೆ ಲೆಕ್ಕ ನೋಡಿದರೆ ಟ್ಯಾಪರನೇ ಬಾಕಿದಾರ. ನಮ್ಮ ಕಡೆ ಜೀತ ಎಂದು ಕರೆಯುತ್ತಿದ್ದುದು ಅಲ್ಲಿ ಹೀಗೆ ನಡೆಯುತ್ತಿತ್ತು. ಶಾಲೆ ತೆರೆಯಲು ಧಣಿಗಳು ಬಿಡುತ್ತಿರಲಿಲ್ಲ. ಮಕ್ಕಳು ಓದಲು ಕೂತರೆ ಹಾಲು ಕೂಡಿಸುವ ಕೈ ಕಡಿಮೆಯಾಗುತ್ತದೆ ಎಂಬುದು ಒಂದು ಕಾರಣ. ಕೂಡುವುದು ಕಳೆಯುವುದು ಕಲಿತರೆ ಪುಸ್ತಕ ತಿರುವಿ ನೋಡುತ್ತಾರೆ ಎಂಬ ಭಯ ಇನ್ನೊಂದು.

ಹೀಗೆ ಓದುಬರಹವಿಲ್ಲದೆ ಬೆಳೆದ ಹುಡುಗರಲ್ಲಿ ಶಿಕೊ ಮೆಂಡೆಸ್ ಒಬ್ಬ. ಹುಟ್ಟಿದ್ದು 1944ರ ಡಿಸೆಂಬರ್ 15ರಂದು. ಒಂಬತ್ತನೆಯ ವಯಸ್ಸಿನ ಹೊತ್ತಿಗೆ ಅಪ್ಪನ ಹಿಂದೆ ರಬ್ಬರ್ ದಾರಿಯಲ್ಲಿ ನಡೆಯತೊಡಗಿದ್ದ. ಅವನಿಗೆ ಅಕ್ಷರ ಕಲಿಸಿದ್ದು ಕಾಡಿನಲ್ಲಿ ತಲೆಮರೆಸಿಕೊಂಡಿದ್ದ ಒಬ್ಬ ಹಳೆಯ ಕಮ್ಯುನಿಸ್ಟ್, ಯುಕ್ಲಿಡೆಸ್ ತಾವೊರಾ. ವಾರದ ಕೊನೆಗೆ ಹುಡುಗ ಗಂಟೆಗಟ್ಟಲೆ ಕಾಡು ನಡೆದು ತಾವೊರಾನ ಗುಡಿಸಲಿಗೆ ಹೋಗುತ್ತಿದ್ದ. ಅಲ್ಲಿ ಪಾಠಕ್ಕೆ ಪುಸ್ತಕವಿರಲಿಲ್ಲ, ಹಳೆಯ ವೃತ್ತಪತ್ರಿಕೆಗಳಿದ್ದವು. ರಾತ್ರಿ ಇಬ್ಬರೂ ಕೂತು ರೇಡಿಯೊದಲ್ಲಿ ಬಿಬಿಸಿ, ವಾಯ್ಸ್ ಆಫ್ ಅಮೆರಿಕ, ಮಾಸ್ಕೋಗಳ ಪೋರ್ಚುಗೀಸ್ ವಾರ್ತೆ ಕೇಳುತ್ತಿದ್ದರು. ಒಂದೇ ಸುದ್ದಿಯನ್ನು ಮೂವರು ಮೂರು ಬಗೆಯಲ್ಲಿ ಹೇಳುವುದನ್ನು ಕೇಳಿ, ಯಾರು ಏನನ್ನು ಯಾಕೆ ಬಿಟ್ಟರು ಎಂದು ಚರ್ಚಿಸುವುದೇ ಪಾಠ. ಆ ಕಾಲದಲ್ಲಿ ನಗರದ ಎಷ್ಟು ಶಾಲೆಗಳಲ್ಲಿ ಇಂಥ ಪಾಠ ನಡೆಯುತ್ತಿತ್ತು?

ಎಪ್ಪತ್ತರ ದಶಕದಲ್ಲಿ ಬೇರೆಯದೇ ಗಂಡಾಂತರ ಬಂತು. ರಬ್ಬರ್ ವ್ಯಾಪಾರ ಸೊರಗಿತ್ತು. ಧಣಿಗಳು ಕಾಡನ್ನು ಅಗ್ಗಕ್ಕೆ ಮಾರಿದರು. ಸೈನಿಕ ಸರ್ಕಾರದ ಪ್ರೋತ್ಸಾಹದಿಂದ ದಕ್ಷಿಣದ ಶ್ರೀಮಂತರು ಬಂದು ಕೊಂಡರು. ಅವರಿಗೆ ಬೇಕಿದ್ದದ್ದು ದನ ಮೇಯಿಸುವ ಹುಲ್ಲುಗಾವಲು. ಮರ ಕಡಿದು ಬೆಂಕಿ ಕೊಡತೊಡಗಿದರು. ಕುಟುಂಬಗಳು ಎದ್ದು ಪಟ್ಟಣದ ಅಂಚಿಗೋ ಬೊಲಿವಿಯಾದ ಕಾಡಿಗೋ ಹೋದವು. ಉಳಿದವರು 1976ರಿಂದ ‘ಎಂಪಾಚಿ’ ಎಂಬ ಹೋರಾಟ ಹೂಡಿದರು. ಹೆಂಗಸರು, ಮಕ್ಕಳು ಸೇರಿದಂತೆ ನೂರಾರು ಜನ ಕಡಿಯುವ ಜಾಗಕ್ಕೆ ನಡೆದುಹೋಗಿ ಗರಗಸದ ಮುಂದೆ ನಿಲ್ಲುವುದು, ಕೂಲಿಯವರ ಜೊತೆ ಮಾತಾಡಿ ಅವರನ್ನು ವಾಪಸು ಕಳಿಸುವುದು. 1983ರಲ್ಲಿ ಶಿರಸಿಯ ಸಾಲ್ಕಣಿಯವರು ಮರಗಳನ್ನು ಅಪ್ಪಿಕೊಂಡು ನಿಂತ ಕಥೆ ಗೊತ್ತಿರುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಚಳವಳಿಯ ಮೊದಲ ಮುಂದಾಳು ವಿಲ್ಸನ್ ಪಿನ್ಯೆರೊನನ್ನು 1980ರ ಜುಲೈ 21ರಂದು ಕಾರ್ಮಿಕ ಸಂಘದ ಕಚೇರಿಯಲ್ಲೇ ಗುಂಡಿಟ್ಟು ಕೊಂದರು.

ಆ ಹೊತ್ತಿಗೆ ಶಿಕೊ ಮತ್ತು ಮೇರಿ ಅಲ್ಲೆಗ್ರೆಟ್ಟಿ ಎಂಬ ಮಾನವಶಾಸ್ತ್ರಜ್ಞೆ ಶಾಪುರಿಯಲ್ಲಿ ಒಂದು ತೀರ್ಮಾನಕ್ಕೆ ಬಂದರು: ಕಾಡು ಉಳಿಯಬೇಕಾದರೆ ಮೊದಲು ಶಾಲೆ ಬೇಕು. ‘ಪ್ರೊಜೆತೊ ಸೆರಿಂಗೇರೊ’, ಅಂದರೆ ರಬ್ಬರ್ ಟ್ಯಾಪರರ ಯೋಜನೆ ಹುಟ್ಟಿದ್ದು ಹಾಗೆ. ಒಂದು ಶಾಲೆಗೆ ವಿಲ್ಸನ್ ಪಿನ್ಯೆರೊನ ಹೆಸರನ್ನೇ ಇಟ್ಟರು. ಪುಸ್ತಕಕ್ಕೆ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆಯ ಪದ್ಧತಿ. ಸೈನಿಕ ಆಡಳಿತದಿಂದಾಗಿ ಹದಿನೈದು ವರ್ಷ ದೇಶದ ಹೊರಗಿದ್ದ ಫ್ರೇರೆ ಬ್ರೆಜಿಲ್‌ಗೆ ಮರಳಿ ಆಗ ಒಂದು ವರ್ಷವಾಗಿತ್ತಷ್ಟೆ.

ಬ್ರೆಜಿಲ್‌ನ ಹಳೆಯ ಬಾಲಬೋಧೆಗಳಲ್ಲಿ ಮಕ್ಕಳು ಮೊದಲು ಓದುತ್ತಿದ್ದ ಪದಗಳಲ್ಲಿ ದ್ರಾಕ್ಷಿಯೂ ಒಂದು. ಆಕ್ರಿಯ ಕಾಡಿನ ಮಗುವಿಗೆ ದ್ರಾಕ್ಷಿ ಎಲ್ಲಿ ಕಾಣಬೇಕು? ಫ್ರೇರೆಯ ದಾರಿ ಬೇರೆ. ಕಲಿಯುವವರ ಬಾಯಲ್ಲಿ ದಿನವೂ ಇರುವ, ಅವರ ಬದುಕಿನ ಭಾರವನ್ನೆಲ್ಲ ಹೊತ್ತ ಪದವೊಂದನ್ನು ಎತ್ತಿಕೊಳ್ಳಬೇಕು. ಮೊದಲು ಅದರ ಚಿತ್ರ ತೋರಿಸಿ ಮಾತಾಡಿಸಬೇಕು. ಆಮೇಲೆ ಪದವನ್ನು ಉಚ್ಚಾರಾಂಶಗಳಾಗಿ ಒಡೆದು, ಆ ತುಂಡುಗಳಿಂದ ಹೊಸ ಪದ ಕಟ್ಟಿಸಬೇಕು. ‘ಪೊ-ರೊನ್-ಗಾ’ ಎಂದು ಒಡೆಯುವ ಮುಂಚೆ ಆ ದೀಪದ ಬಗ್ಗೆ ಎಷ್ಟೊಂದು ಮಾತಿದೆ: ಸೀಮೆಎಣ್ಣೆ ಎಲ್ಲಿಂದ ಬಂತು, ಬೆಲೆ ಕಟ್ಟಿದ್ದು ಯಾರು, ಒಂದು ಲೀಟರಿಗೆ ಎಷ್ಟು ರಬ್ಬರ್ ಕೊಟ್ಟೆವು, ಕಾಡೇ ಹೋದರೆ ದೀಪ ಹೊತ್ತು ಹೋಗುವುದಾದರೂ ಎಲ್ಲಿಗೆ? ಗಣಿತದ ಪಾಠವೂ ಹಾಗೆಯೇ, ತೂಕ ಮತ್ತು ಬೆಲೆಗಳ ಸುತ್ತ. ಪಾಠ ಹೇಳುವವರೂ ಕಾಡಿನ ಯುವಕ ಯುವತಿಯರೇ. ಹಗಲು ಮಕ್ಕಳು ಬರುತ್ತಿದ್ದರು, ದೊಡ್ಡವರು ಕೆಲಸ ಮುಗಿಸಿ ಬರುತ್ತಿದ್ದರು.

ಪರಿಸರ ಶಿಕ್ಷಣ ಎಂದಾಗ ಮರದ ಚಿತ್ರಕ್ಕೆ ಹಸಿರು ಬಣ್ಣ ಹಚ್ಚಿಸುವುದು, ಜೂನ್ 5ರಂದು ಗಿಡ ನೆಡಿಸುವುದು ಕಣ್ಣಮುಂದೆ ಬರುತ್ತದೆ. ಮರ ಎಂದರೇನು ಎಂದು ಕಾಡಿನ ಮಗುವಿಗೆ ಕಲಿಸಬೇಕಾಗಿರಲಿಲ್ಲ. ಆ ಮರದ ಕೆಳಗೆ ಬದುಕುವ ಹಕ್ಕನ್ನು ಕಾಗದದ ಮೇಲೆ ಸಾಧಿಸುವುದನ್ನು ಕಲಿಸಬೇಕಾಗಿತ್ತು. ಶಾಲೆ ಇದ್ದ ಕಡೆ ಜನ ಸಹಕಾರ ಸಂಘ ಕಟ್ಟಿದರು, ಧಣಿಗೆ ಗೇಣಿ ಕೊಡುವುದನ್ನು ನಿಲ್ಲಿಸಿದರು, ಎಂಪಾಚಿಗೆ ಹೊರಟಾಗ ಜೊತೆಗೂಡಿದರು. ಶಿಕೊ ತಾನೇ ಕೊಟ್ಟ ಲೆಕ್ಕದ ಪ್ರಕಾರ ಒಟ್ಟು 45 ಎಂಪಾಚಿಗಳಲ್ಲಿ 30ರಲ್ಲಿ ಸೋತರು, 15ರಲ್ಲಿ ಗೆದ್ದರು. ಸೋಲನ್ನೂ ಬರೆದಿಟ್ಟ ಆ ಲೆಕ್ಕದ ಮೇಲೆ ನಂಬಿಕೆ ಹುಟ್ಟುತ್ತದೆ.

1985ರ ಅಕ್ಟೋಬರ್‌ನಲ್ಲಿ ಬ್ರೆಸಿಲಿಯಾದಲ್ಲಿ ನಡೆದ ಟ್ಯಾಪರರ ಮೊದಲ ರಾಷ್ಟ್ರೀಯ ಸಮಾವೇಶದಲ್ಲಿ ‘ಸಂಗ್ರಹ ಮೀಸಲು ಅರಣ್ಯ’ದ ಕಲ್ಪನೆ ಹೊರಬಂತು. ಕಾಡು ಸರ್ಕಾರದ್ದು, ಬಳಕೆಯ ಹಕ್ಕು ಅಲ್ಲಿ ವಾಸಿಸುವವರದ್ದು, ಮಾರುವ ಹಕ್ಕು ಯಾರಿಗೂ ಇಲ್ಲ. ಅಂಥ ಮೀಸಲು ಅರಣ್ಯ ಘೋಷಣೆಯಾದದ್ದನ್ನು ಶಿಕೊ ನೋಡಲಿಲ್ಲ. 1988ರ ಡಿಸೆಂಬರ್ 22ರ ಸಂಜೆ, 44 ತುಂಬಿ ಒಂದು ವಾರವಾಗಿದ್ದಾಗ, ಸ್ನಾನಕ್ಕೆಂದು ಟವೆಲ್ ಹೆಗಲಿಗೆ ಹಾಕಿ ಹಿತ್ತಲ ಬಾಗಿಲು ತೆರೆದವನಿಗೆ ಕತ್ತಲಿನಿಂದ ಗುಂಡು ಬಿತ್ತು. ಕಾವಲಿಗಿದ್ದ ಪೊಲೀಸರು ಒಳಗಿದ್ದರು. ದನದ ಧಣಿ ದಾರ್ಲಿ ಆಲ್ವೆಸ್ ಮತ್ತು ಅವನ ಮಗನಿಗೆ 1990ರಲ್ಲಿ 19 ವರ್ಷಗಳ ಶಿಕ್ಷೆಯಾಯಿತು. ಅದೇ ವರ್ಷದ ಮಾರ್ಚ್ 12ರಂದು ಶಿಕೊ ಮೆಂಡೆಸ್ ಮೀಸಲು ಅರಣ್ಯ ಘೋಷಣೆಯಾಗಿತ್ತು. ಸುಮಾರು 9.7 ಲಕ್ಷ ಹೆಕ್ಟೇರ್, ಎರಡು ಕೊಡಗು ಜಿಲ್ಲೆಗಳಿಗಿಂತ ದೊಡ್ಡದು.

ರಬ್ಬರ್ ಕುಟುಂಬಗಳ ಈ ಕಥೆಯ ಪಕ್ಕದಲ್ಲೇ ಇನ್ನೊಂದು ಕಥೆಯಿದೆ, ಇದಕ್ಕಿಂತ ನೋವಿನದು. ಆಕ್ರಿಯ ಮೂಲನಿವಾಸಿಗಳಾದ ಹುನಿ ಕುಯಿನ್ ಜನರನ್ನೂ ರಬ್ಬರ್ ಧಣಿಗಳು ದುಡಿಸಿಕೊಂಡರು. ಫೆಲಿಜಾರ್ದೊ ಸೆರ್ಕೇರಾ ಎಂಬ ಧಣಿ ತನ್ನ ಹೆಸರಿನ ಎರಡು ಮೊದಲಕ್ಷರಗಳನ್ನು ಅವರ ತೋಳಿನ ಮೇಲೆ ಹಚ್ಚೆ ಹೊಯ್ಸಿದ್ದ. ಆ ಜನಕ್ಕೆ ಅಕ್ಷರ ಬಂದದ್ದು ಹಾಗೆ, ಚರ್ಮದ ಮೇಲೆ. 1979ರಲ್ಲಿ ಹುಟ್ಟಿದ ‘ಆಕ್ರಿ ಮೂಲನಿವಾಸಿ ಪರ ಆಯೋಗ’ ಎಂಬ ಸ್ವಯಂಸೇವಾ ಸಂಸ್ಥೆ 1983ರಿಂದ ಮೂಲನಿವಾಸಿ ಶಿಕ್ಷಕರಿಗೆ ತರಬೇತಿ ಕೊಡತೊಡಗಿತು. ಸಿದ್ಧ ಪುಸ್ತಕ ಹಂಚದೆ ಶಿಕ್ಷಕರಿಂದಲೇ ಅವರವರ ನುಡಿಯಲ್ಲಿ ಪುಸ್ತಕ ಬರೆಸಿದ್ದು ಈ ತರಬೇತಿಯ ವಿಶೇಷ. ಅವರು ತಮ್ಮ ಚರಿತ್ರೆಯನ್ನು ಶತಮಾನಗಳ ಲೆಕ್ಕದಲ್ಲಿ ಬರೆಯಲಿಲ್ಲ. ದೊಡ್ಡ ಮನೆಗಳ ಕಾಲ, ಬೇಟೆಯಾಡಿ ಓಡಿಸಿದ ಕಾಲ, ಸೆರೆಯ ಕಾಲ, ಹಕ್ಕುಗಳ ಕಾಲ ಎಂದು ಭಾಗ ಮಾಡಿಕೊಂಡರು. ಹಚ್ಚೆಯ ಅಕ್ಷರದಿಂದ ಸ್ವಂತ ಪುಸ್ತಕದ ಅಕ್ಷರದವರೆಗೆ ಒಂದೇ ಶತಮಾನದೊಳಗೆ ಆದ ಈ ಪಯಣವನ್ನು ಪರಿಸರದ ಪಾಠದಿಂದ ಬೇರ್ಪಡಿಸಿ ನೋಡಲಾಗದು.

1996ರಲ್ಲಿ ಅದೇ ಸಂಸ್ಥೆ ‘ಕೃಷಿ ಅರಣ್ಯ ಕಾರ್ಯಕರ್ತ’ರ ತರಬೇತಿ ಆರಂಭಿಸಿತು. ಊರು ಆರಿಸಿ ಕಳಿಸಿದ ಯುವಕರು ಬೀಜ ಕೂಡಿಸುವುದು, ನರ್ಸರಿ ಮಾಡುವುದು, ಹಣ್ಣಿನ ಗಿಡಗಳನ್ನು ಕಾಡುಮರಗಳ ಜೊತೆ ಬೆಳೆಸುವುದು, ಊರಿನ ನಕ್ಷೆ ಬರೆಯುವುದು, ಗಡಿ ಕಾಯುವುದು ಇವನ್ನೆಲ್ಲ ಕಲಿತು ಊರಿಗೆ ಮರಳುತ್ತಾರೆ. ಅಶಾನಿಂಕಾ ಬುಡಕಟ್ಟಿನ ಬೆಂಕಿ ಪಿಯಾಕೊ ಎಂಬ ಮುಂದಾಳು ಬಂದದ್ದೂ ಇದೇ ದಾರಿಯಲ್ಲಿ. ಅವರ ಜನ 2007ರಲ್ಲಿ ಜುರುವಾ ನದಿಯ ದಡದಲ್ಲಿ ‘ಯೊರೆಂಕಾ ಆತಾಮೆ’ ಎಂಬ ಕಲಿಕಾ ಕೇಂದ್ರ ತೆರೆದರು. ಹೆಸರಿನ ಅರ್ಥ ಕಾಡಿನ ಅರಿವು. ಅದಕ್ಕೆ ಆರಿಸಿದ ಜಾಗ ದನ ಮೇಯ್ದು ಬೋಳಾಗಿದ್ದ ಹುಲ್ಲುಗಾವಲು. ಪಕ್ಕದ ಪಟ್ಟಣದ ಮೂಲನಿವಾಸಿಗಳಲ್ಲದ ಹುಡುಗರನ್ನೂ ಕರೆದು ಅವರ ಕೈಯಿಂದಲೇ ಅಲ್ಲಿ ಮತ್ತೆ ಮರ ಎಬ್ಬಿಸಿದರು.

ಆಕ್ರಿಯವರು ಹೊಸ ಪದವೊಂದನ್ನೂ ಕಟ್ಟಿದ್ದಾರೆ. ಪೋರ್ಚುಗೀಸಿನಲ್ಲಿ ಪೌರತ್ವಕ್ಕೆ ‘ಸಿದಾದಾನಿಯಾ’ ಎನ್ನುತ್ತಾರೆ, ಅದರೊಳಗೆ ನಗರವಿದೆ. ನಮ್ಮ ಪೌರ, ನಾಗರಿಕ ಎಂಬ ಪದಗಳ ಹೊಟ್ಟೆಯಲ್ಲೂ ಪುರ, ನಗರಗಳೇ ಕೂತಿವೆ. ಹಾಗಾದರೆ ಕಾಡಿನಲ್ಲಿರುವವನ ಹಕ್ಕಿಗೆ ಏನನ್ನಬೇಕು? ಕಾಡು ಎಂಬರ್ಥದ ‘ಫ್ಲೊರೆಸ್ತಾ’ವನ್ನು ಸೇರಿಸಿ ‘ಫ್ಲೊರೆಸ್ತಾನಿಯಾ’ ಎಂದರು. 1999ರಿಂದ ಆಕ್ರಿಯ ಸರ್ಕಾರವೇ ಈ ಪದವನ್ನು ಎತ್ತಿಕೊಂಡಿತು. 2005ರಲ್ಲಿ ಶುರುವಾದ ‘ಫ್ಲೊರೆಸ್ತಾನಿಯಾದ ರೆಕ್ಕೆಗಳು’ ಎಂಬ ಯೋಜನೆಯಲ್ಲಿ ಪ್ರೌಢ ಶಿಕ್ಷಣವನ್ನು ಕಾಡಿನೊಳಕ್ಕೇ ಒಯ್ಯಲು ಹೊರಟರು. ಮಕ್ಕಳು ಊರು ಬಿಡದಿರಲಿ ಎಂದು ಶಿಕ್ಷಕರನ್ನೇ ಅವರಿದ್ದಲ್ಲಿಗೆ ಕಳಿಸುವ ಏರ್ಪಾಡು.

ಊರು ಬಿಡುವ ಸಂಕಟ ಚಿಕ್ಕದಲ್ಲ. ಮುಂದೆ ದೇಶದ ಪರಿಸರ ಸಚಿವೆಯಾದ ಮರೀನಾ ಸಿಲ್ವಾ ಹುಟ್ಟಿದ್ದು 1958ರಲ್ಲಿ, ಆಕ್ರಿಯ ರಬ್ಬರ್ ಕಾಡಿನಲ್ಲೇ. ಕಾಯಿಲೆ ಬಿದ್ದು ಹದಿನಾರನೆಯ ವಯಸ್ಸಿಗೆ ರಾಜಧಾನಿ ರಿಯೊ ಬ್ರಾಂಕೊಗೆ ಹೋದ ಮೇಲೆಯೇ ಅವರಿಗೆ ಅಕ್ಷರ ಸಿಕ್ಕಿದ್ದು. ಮನೆಗೆಲಸ ಮಾಡುತ್ತ ಓದಿದರು, ಇತಿಹಾಸದಲ್ಲಿ ಪದವಿ ಪಡೆದರು, ಶಿಕೊ ಜೊತೆ ಸಂಘಟನೆಗೆ ಇಳಿದರು. 2003ರಿಂದ 2008ರವರೆಗೆ ಸಚಿವೆಯಾಗಿದ್ದಾಗ ಅವರು ಹಾಕಿಕೊಟ್ಟ ಯೋಜನೆಯ ಬಲದಿಂದ ಬ್ರೆಜಿಲ್ ಅಮೆಜಾನಿನ ವಾರ್ಷಿಕ ಅರಣ್ಯನಾಶ 2004ರ ಸುಮಾರು 27,700 ಚದರ ಕಿಲೋಮೀಟರ್‌ನಿಂದ 2012ರ ಹೊತ್ತಿಗೆ 4,600ಕ್ಕಿಂತ ಕೆಳಗಿಳಿಯಿತು. ಅಂಥ ಮನಸ್ಸು ಅಕ್ಷರಕ್ಕಾಗಿ ಹದಿನಾರು ವರ್ಷ ಕಾಯಬೇಕಾಯಿತು, ಕಾಡು ಬಿಟ್ಟು ಹೋಗಬೇಕಾಯಿತು ಎಂಬುದನ್ನು ನೆನೆದರೆ ಬೇಸರವಾಗುತ್ತದೆ.

ಇಂದು ಶಾಪುರಿಯಿಂದ ಹೆದ್ದಾರಿ ಹಿಡಿದು ಹೊರಟರೆ ಎರಡೂ ಬದಿ ಹುಲ್ಲುಗಾವಲು, ನಡುನಡುವೆ ಒಂಟಿಯಾಗಿ ನಿಂತ ಬ್ರೆಜಿಲ್ ನಟ್ ಮರಗಳು. ಈ ಮರ ಕಡಿಯುವುದನ್ನು ಕಾನೂನು ನಿಷೇಧಿಸಿದೆ, ಅದಕ್ಕೇ ಉಳಿಸಿದ್ದಾರೆ. ಆದರೆ ಅದರ ಹೂವಿನೊಳಕ್ಕೆ ನುಗ್ಗಿ ಪರಾಗ ಮುಟ್ಟಿಸಬಲ್ಲದ್ದು ಕಾಡಿನ ಕೆಲವು ಗಟ್ಟಿ ಮೈಯ ದುಂಬಿಗಳು ಮಾತ್ರ. ಎರಡು ಕಿಲೋವರೆಗೆ ತೂಗುವ ಕಲ್ಲಿನಂಥ ಕಾಯಿಯನ್ನು ಕಡಿದು ಬೀಜಗಳನ್ನು ಅಲ್ಲಲ್ಲಿ ಹೂತಿಟ್ಟು ಮರೆಯುವುದು ಅಗೌಟಿ ಎಂಬ ಪ್ರಾಣಿ, ಮೊಲದ ಗಾತ್ರದ ದಂಶಕ. ದುಂಬಿಗೂ ಅಗೌಟಿಗೂ ಹುಲ್ಲುಗಾವಲಿನಲ್ಲಿ ಜಾಗವಿಲ್ಲ. ಮರ ಕಾನೂನಿನ ಲೆಕ್ಕಕ್ಕೆ ಬದುಕಿದೆ. ಅದರ ಕೆಳಗೆ ಮರಿಗಿಡ ಹುಟ್ಟುವುದಿಲ್ಲ.

ಹುಲ್ಲುಗಾವಲು ಮೀಸಲು ಅರಣ್ಯದ ಒಳಕ್ಕೂ ಬಂದಿದೆ. ಒಂದು ಕುಟುಂಬ ತನ್ನ ಪಾಲಿನ ಕಾಡಿನಲ್ಲಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಯಬಾರದೆಂಬ ನಿಯಮವಿದೆ. ಆದರೂ ದನ ಹೆಚ್ಚುತ್ತಿವೆ. ದನ ಅಲ್ಲಿ ನಡೆದಾಡುವ ಬ್ಯಾಂಕು: ಕಾಯಿಲೆ ಬಿದ್ದಾಗ, ಮೋಟರ್‌ಬೈಕ್ ಬೇಕಾದಾಗ ಒಂದನ್ನು ಮಾರಿದರೆ ಅದೇ ದಿನ ಕೈಗೆ ದುಡ್ಡು. ರಬ್ಬರಿಗೂ ಬ್ರೆಜಿಲ್ ನಟ್‌ಗೂ ಆ ಗುಣವಿಲ್ಲ. ಎಂಪಾಚಿಯಲ್ಲಿ ಗರಗಸದ ಮುಂದೆ ನಿಂತವರ ಮೊಮ್ಮಕ್ಕಳೇ ಇಂದು ಬೇಲಿ ಹಾಕುತ್ತಿದ್ದಾರೆ. ಅವರನ್ನು ಬೈದು ಉಪಯೋಗವಿಲ್ಲ. ವೆಜಾ ಎಂಬ ಫ್ರೆಂಚ್ ಶೂ ಕಂಪನಿ ಆಕ್ರಿಯ ಟ್ಯಾಪರರಿಂದ ಕಾಡಿನ ರಬ್ಬರ್ ಕೊಳ್ಳುತ್ತಿದೆ. ಇಂಥ ಖರೀದಿದಾರರಿದ್ದ ಕಡೆ ಯುವಕರು ಮತ್ತೆ ದಾರಿ ಹಿಡಿದು ಹೋಗಲು ಕಾರಣವಿರುತ್ತದೆ. ಬೆಲೆ ಸಿಗದ ಕಡೆ ಶಾಲೆಯೊಂದೇ ಕಾಡು ಉಳಿಸಲಾರದು ಎಂಬುದನ್ನು ಒಪ್ಪಲೇಬೇಕು.

ಜೊತೆಗೆ ಮಳೆಯೂ ತಾಳ ತಪ್ಪಿದೆ. 2024ರ ಮಾರ್ಚ್‌ನಲ್ಲಿ ರಿಯೊ ಬ್ರಾಂಕೊದಲ್ಲಿ ಆಕ್ರಿ ನದಿ 17.89 ಮೀಟರ್ ಮಟ್ಟಕ್ಕೆ ಏರಿ ಊರಿಗೆ ನುಗ್ಗಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 1.23 ಮೀಟರಿಗೆ ಇಳಿಯಿತು, ದಾಖಲೆಯಲ್ಲೇ ಅತಿ ಕಡಿಮೆ ಮಟ್ಟ. ಆರು ತಿಂಗಳಲ್ಲಿ ಪ್ರವಾಹವನ್ನೂ ಬತ್ತಿದ ಹೊಳೆಯನ್ನೂ ಕಂಡ ಮಕ್ಕಳಿಗೆ ಹವಾಮಾನ ಬದಲಾವಣೆ ಪಾಠದ ಹೆಸರಾಗಿ ಉಳಿದಿಲ್ಲ.

ಇದರ ನಡುವೆಯೂ ಬರೆಯುವ ಕೆಲಸ ನಿಂತಿಲ್ಲ. ತೊಂಬತ್ತರ ದಶಕದಲ್ಲಿ ಜುರುವಾ ನದಿಯ ಮೇಲ್ಭಾಗದ ಮೀಸಲು ಅರಣ್ಯದಲ್ಲಿ ಟ್ಯಾಪರ್ ಕುಟುಂಬದವರು ದಿನಚರಿ ಬರೆಯತೊಡಗಿದರು. ಯಾವ ಬೇಟೆ ಸಿಕ್ಕಿತು, ಯಾವ ಹಣ್ಣು ಬಿತ್ತು, ನದಿ ಎಷ್ಟು ಏರಿತು ಎಂಬುದೇ ಅದರ ವಿಷಯ. ಅಲ್ಲಿನ ಜನರ ಇಂಥ ತಿಳಿವಳಿಕೆಯನ್ನೆಲ್ಲ ಕೂಡಿಸಿ 2002ರಲ್ಲಿ ಮಾನವಶಾಸ್ತ್ರಜ್ಞರಾದ ಮನುವೆಲಾ ಕಾರ್ನೇರೊ ದ ಕುನ್ಯಾ ಮತ್ತು ಮಾವ್ರೊ ಅಲ್ಮೇದಾ ‘ಕಾಡಿನ ವಿಶ್ವಕೋಶ’ ಎಂಬ ಹೆಬ್ಬೊತ್ತಗೆ ಹೊರತಂದರು.

ಅದೇ 2002ರಲ್ಲಿ ಮೀಸಲಾದ ಕಜುಂಬಾ-ಇರಾಸೆಮಾ ಅರಣ್ಯದಲ್ಲಿ ಇಂದು ಊರಿನವರೇ ತರಬೇತಿ ಪಡೆದು ಚಿಟ್ಟೆ ಎಣಿಸುತ್ತಾರೆ. ಬಾಳೆಹಣ್ಣನ್ನು ಹಿಸುಕಿ ಕಬ್ಬಿನ ಹಾಲಿನಲ್ಲಿ ಕಲಸಿ ಎರಡು ದಿನ ಹುಳಿಬರಿಸಿದರೆ ಅದೇ ಮೇವು. ಬಲೆಬಟ್ಟೆಯ ಕೊಳವೆಯೊಂದನ್ನು ಕೊಂಬೆಗೆ ತೂಗುಹಾಕಿ ಕೆಳಗಿನ ತಟ್ಟೆಯಲ್ಲಿ ಆ ಮೇವು ಇಡುತ್ತಾರೆ. ಹಣ್ಣಿನ ರಸಕ್ಕೆ ಬರುವ ಚಿಟ್ಟೆ ಕೆಳಗಿನಿಂದ ಒಳಹೊಕ್ಕು, ಹೊಟ್ಟೆ ತುಂಬಿದ ಮೇಲೆ ಮೇಲಕ್ಕೇ ಹಾರುವುದರಿಂದ ಹೊರಬರುವ ದಾರಿ ಸಿಗದೆ ಅಲ್ಲೇ ಕೂರುತ್ತದೆ. ಅದನ್ನು ರೆಕ್ಕೆ ಮುರಿಯದಂತೆ ಎರಡು ಬೆರಳಲ್ಲಿ ಹಿಡಿದು, ಬಣ್ಣದ ಚಿತ್ರಪಟದ ಜೊತೆ ಹೋಲಿಸಿ ಯಾವ ಗುಂಪಿನದೆಂದು ಗುರುತಿಸಿ, ಬರೆದುಕೊಂಡು ಬಿಟ್ಟುಬಿಡಬೇಕು. ಬೆಳಗಿನ ಹೊತ್ತು ರಬ್ಬರ್ ದಾರಿಯಂಥದ್ದೇ ಕಾಲುದಾರಿಯಲ್ಲಿ ಸದ್ದಿಲ್ಲದೆ ನಡೆದು ಹಕ್ಕಿ, ಪ್ರಾಣಿಗಳನ್ನೂ ಎಣಿಸುತ್ತಾರೆ. ಕಾಡು ಸೊರಗಿದರೆ ಚಿಟ್ಟೆಗಳ ಗುಂಪುಗಳಲ್ಲಿ ಯಾವುದು ಹೆಚ್ಚಿತು, ಯಾವುದು ಇಳಿಯಿತು ಎಂಬ ಲೆಕ್ಕ ಬೇಗ ಬದಲಾಗುತ್ತದೆ. ಆ ಬದಲಾವಣೆ ಮೊದಲು ಕಾಣಿಸುವುದು ಅವರ ನೋಟ್‌ಬುಕ್ಕಿನಲ್ಲಿ.

ಸಾಯುವ ವರ್ಷ, 1988ರ ಸೆಪ್ಟೆಂಬರ್‌ನಲ್ಲಿ, ಶಿಕೊ ಮೆಂಡೆಸ್ ಒಂದು ಚಿಕ್ಕ ಪತ್ರ ಬರೆದಿಟ್ಟಿದ್ದ. ವಿಳಾಸದ ಜಾಗದಲ್ಲಿ ಇದ್ದದ್ದು 2120ರ ಸೆಪ್ಟೆಂಬರ್ 6ರಂದು ಬದುಕಿರುವ ಯುವಜನರು. ಪ್ರತಿ ವರ್ಷ ಡಿಸೆಂಬರ್ 15ರಿಂದ 22ರವರೆಗೆ, ಅವನು ಹುಟ್ಟಿದ ದಿನದಿಂದ ಸತ್ತ ದಿನದವರೆಗೆ, ಆಕ್ರಿಯಲ್ಲಿ ನಡೆಯುವ ಸ್ಮರಣೆಯ ವಾರಕ್ಕೆ ಮೀಸಲು ಅರಣ್ಯದ ಹುಡುಗ ಹುಡುಗಿಯರೂ ಬರುತ್ತಾರೆ. ಆಗಲೇ ಮಳೆಗಾಲ ಹಿಡಿದಿರುತ್ತದೆ, ಬ್ರೆಜಿಲ್ ನಟ್ ಕಾಯಿಗಳು ಉದುರಲು ಶುರುವಾಗಿರುತ್ತವೆ. ವಾರ ಮುಗಿಯುತ್ತಲೇ ಅವರು ಕಾಯಿ ಆರಿಸಲು ಕಾಡಿಗೆ ಮರಳಬೇಕು.